ಬೆಲೆ ಕೊಟ್ಟ ಮೇಲೂ ಉಳಿಯುವ ಋಣ

ಒಂದು ವಸ್ತುವನ್ನು ಕೊಂಡು ಅದರ ಬೆಲೆ ಕೊಟ್ಟ ಮೇಲೆ, ಕೊಂಡವರಿಗೂ ಕೊಟ್ಟವರಿಗೂ ನಡುವೆ ಏನಾದರೂ ಉಳಿಯುತ್ತದೆಯೇ? ಉಳಿಯುವುದಿಲ್ಲ ಎಂದೇ ನಾವೆಲ್ಲ ನಂಬಿ ಬದುಕುತ್ತೇವೆ. ಹಣ ಎಣಿಸಿ ಕೊಟ್ಟೆವು, ಚೀಲ ಕೈಗೆತ್ತಿಕೊಂಡೆವು, ಲೆಕ್ಕ ಚುಕ್ತಾ ಆಯಿತು. ಅಂಗಡಿಯವನ ಮುಖ ಮರುದಿನ ನೆನಪಿರಬೇಕಾಗಿಲ್ಲ. ಹಣದ ದೊಡ್ಡ ಗುಣವೇ ಇದು. ಅದು ಮನುಷ್ಯರನ್ನು ಪರಸ್ಪರರ ಹಂಗಿನಿಂದ ಬಿಡಿಸುತ್ತದೆ. ತಲೆಮಾರುಗಟ್ಟಲೆ ಒಡೆಯರ ಹಂಗಿನಲ್ಲಿ ಬಾಳಿದವರಿಗೆ ಈ ಬಿಡುಗಡೆ ಸಣ್ಣದೇನಲ್ಲ.

ಆದರೂ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡತೊಡಗಿದೆ. ಅದಕ್ಕೆ ಕಾರಣ, 2025ರ ಮೇ ತಿಂಗಳಲ್ಲಿ ಜಪಾನಿನ ಚಹಾ ಬೆಳೆಯುವ ಗುಡ್ಡದೂರೊಂದರಲ್ಲಿ ನಾವು ಕಳೆದ ಒಂದು ಹಗಲು.

ಅಕ್ಕನ ಮಗ ಒಸಾಕಾ ನಗರದಲ್ಲಿ ಇಂಜಿನಿಯರ್. ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾವು, ಗಂಡ ಹೆಂಡತಿ ಇಬ್ಬರೂ, ಹದಿನೈದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಹೋದ ದಿನವೇ ಅವನು ನಮ್ಮನ್ನು ರೈಲು ನಿಲ್ದಾಣದ ಬಳಿಯ ಪುಟ್ಟ ಊಟದಂಗಡಿಗೆ ಕರೆದೊಯ್ದ. ಸುಟ್ಟ ಮೀನು, ಅನ್ನ, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಊಟ ಮುಗಿಸಿದವರು ಗಲ್ಲಾಪೆಟ್ಟಿಗೆಯ ಬಳಿ ಹಣ ಕೊಟ್ಟು, ಬಾಗಿಲು ದಾಟುವ ಮುನ್ನ ಒಲೆಯ ಮುಂದೆ ನಿಂತವನ ಕಡೆ ತಿರುಗಿ ಏನೋ ಒಂದು ಮಾತು ಹೇಳಿ ಹೋಗುತ್ತಿದ್ದರು. ಎಲ್ಲರೂ ಅದೇ ಮಾತು: ‘ಗೊಚಿಸೋಸಾಮಾ’.

“ಹಣ ಕೊಟ್ಟಾಯಿತಲ್ಲ, ಮತ್ತೇನು ಹೇಳುತ್ತಾರೆ?” ಎಂದು ಕೇಳಿದೆವು.

“ಶುಕ್ರಿಯಾ ಅಂತಲೇ ಇಟ್ಟುಕೊಳ್ಳಿ ಮಾಮು. ಆದರೆ ಆ ಮಾತಿನ ಹೊಟ್ಟೆಯಲ್ಲಿ ಓಡಾಟ ಅನ್ನುವ ಅರ್ಥ ಇದೆ” ಎಂದ. ‘ಚಿಸೋ’ ಎಂದರೆ ಓಡುವುದು, ಧಾವಿಸುವುದು. ಮನೆಗೆ ಬಂದವರ ಊಟಕ್ಕೆ ಬೇಕಾದುದನ್ನು ಹೊಂದಿಸಲು ಮನೆಯವರು ಅಲ್ಲಿ ಇಲ್ಲಿ ಓಡಿದ್ದಾರಲ್ಲ, ಉಂಡವನು ಆ ಓಟವನ್ನು ನೆನೆದು ಕೈಮುಗಿಯುವುದು ಆ ಮಾತಿನ ತಾತ್ಪರ್ಯ. ದುಡ್ಡು ಕೊಟ್ಟು ಉಂಡ ಊಟಕ್ಕೂ ಅದೇ ಮಾತು. ನಮ್ಮಲ್ಲಿ ಹೋಟೆಲಿನಿಂದ ಹೊರಡುವಾಗ ಒಳಗೆ ಬೆವರು ಸುರಿಸುತ್ತ ದೋಸೆ ಹುಯ್ಯುವವನ ಕಡೆ ತಿರುಗಿ ನೋಡಿದ ನೆನಪು ನಮಗೆ ಇಲ್ಲ. ಬಿಲ್ಲು ಕೊಟ್ಟವರು ತಿರುಗಿ ಯಾಕೆ ನೋಡಬೇಕು?

ನಾವು ಕಟ್ಟಾ ಚಹಾ ಕುಡುಕರು ಎಂಬುದು ಅಳಿಯನಿಗೆ ಗೊತ್ತು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಅದು ಚಾಯ್, ಓಣಿಯಲ್ಲಿ ಚಹಾ, ಹೋಟೆಲಿನಲ್ಲಿ ಟೀ. ಚೀನಾದಿಂದ ಭೂಮಾರ್ಗವಾಗಿ ಹೊರಟ ಎಲೆ ‘ಚಾ’ ಎಂಬ ಹೆಸರನ್ನು ಹೊತ್ತು ನಡೆಯಿತು. ಫೂಜಿಯನ್ ಕರಾವಳಿಯಿಂದ ಡಚ್ಚರ ಹಡಗು ಏರಿದ ಎಲೆ ‘ತೆ’ ಎಂಬ ಹೆಸರಿನಲ್ಲಿ ಯುರೋಪು ಸೇರಿತು. ಎರಡೂ ಹೆಸರು ಕನ್ನಡದ ಬೀದಿಯಲ್ಲಿ ಒಟ್ಟಿಗೆ ಕುಳಿತಿವೆ. ಜಪಾನೀಯರಿಗೂ ಅದು ‘ಚಾ’ ಎಂದು ತಿಳಿದಾಗ, ದೂರದ ಊರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು. “ಹಾಗಾದರೆ ಅದು ಬೆಳೆಯುವ ಊರನ್ನೇ ತೋರಿಸುತ್ತೇನೆ ಬನ್ನಿ” ಎಂದು ಒಂದು ಶನಿವಾರ ಬೆಳಿಗ್ಗೆ ನಮ್ಮನ್ನು ಹೊರಡಿಸಿದ.

ಒಸಾಕಾದಿಂದ ನಾರಾ ಮಾರ್ಗವಾಗಿ ಕಾಮೊ ನಿಲ್ದಾಣಕ್ಕೆ ಒಂದು ಗಂಟೆಗೂ ಸ್ವಲ್ಪ ಹೆಚ್ಚಿನ ರೈಲು ಪ್ರಯಾಣ. ಅಲ್ಲಿಂದ ಮುಂದೆ ಬಸ್ಸು. ಅದೂ ಅಪರೂಪಕ್ಕೊಂದು. ಬಸ್ಸಿನಲ್ಲಿದ್ದವರು ನಾವು ಮೂವರು ಮತ್ತು ಐದಾರು ಮಂದಿ ಮುದುಕರು. ನದಿಯ ಬದಿಯಲ್ಲಿ ತಿರುವು ತಿರುವಾಗಿ ಏರಿದ ರಸ್ತೆ ಕೊನೆಗೆ ಒಂದು ಕಣಿವೆಯಲ್ಲಿ ತೆರೆದುಕೊಂಡಿತು. ಊರಿನ ಹೆಸರು ವಝುಕಾ. ಜನಸಂಖ್ಯೆ ನಾಲ್ಕು ಸಾವಿರಕ್ಕೂ ಕಡಿಮೆ, ರೈಲು ನಿಲ್ದಾಣವಿಲ್ಲ. ಆದರೆ ಕ್ಯೋಟೊ ಪ್ರಾಂತ್ಯದಲ್ಲಿ ಬೆಳೆಯುವ ಚಹಾದ ಅರ್ಧಕ್ಕೆ ಹತ್ತಿರದಷ್ಟು ಈ ಒಂದೇ ಊರಿನ ಗುಡ್ಡಗಳಿಂದ ಬರುತ್ತದೆ. ಲೋಕಕ್ಕೆ ಅದರ ಹೆಸರು ಮಾತ್ರ ‘ಊಜಿ ಚಹಾ’. ಊಜಿ ಎಂಬುದು ಇಲ್ಲಿಂದ ದೂರದ ಪೇಟೆ. ಹೆಸರು ಪೇಟೆಯದ್ದು, ಬೆನ್ನು ಹಳ್ಳಿಯದ್ದು. ಇದು ಜಪಾನಿಗೆ ಮಾತ್ರ ಸೀಮಿತವಾದ ಕಥೆಯಲ್ಲ ಎಂದುಕೊಂಡೆವು.

ಈ ಎಲೆಯ ಹಿಂದೆ ದೊಡ್ಡದೊಂದು ಕೈಬದಲಿನ ಕಥೆಯಿದೆ. ಎಯ್‌ಸಾಯ್ ಎಂಬ ಬೌದ್ಧ ಭಿಕ್ಷು ಚೀನಾದಲ್ಲಿ ಕಲಿತು 1191ರಲ್ಲಿ ಮರಳುವಾಗ ಚಹಾ ಬೀಜಗಳನ್ನು ತಂದ. ಚಹಾ ಆರೋಗ್ಯಕ್ಕೆ ಹೇಗೆ ಒಳ್ಳೆಯದು ಎಂದು 1211ರಲ್ಲಿ ಒಂದು ಪುಸ್ತಕವನ್ನೂ ಬರೆದ. ಬೀಜಗಳನ್ನು ಕ್ಯೋಟೊ ಬಳಿಯ ಮ್ಯೋಎ ಎಂಬ ಭಿಕ್ಷುವಿಗೆ ಕೊಟ್ಟ. ಮ್ಯೋಎಯಿಂದ ಜಿಶಿನ್ ಎಂಬಾತ ಪಡೆದು ವಝುಕಾದ ಬೆಟ್ಟದ ಬುಡದಲ್ಲಿ ಬಿತ್ತಿದ ಎಂಬುದು ಊರಿನ ಪರಂಪರೆಯ ಮಾತು. ಪಕ್ಕದ ಊಜಿತಾವರಾ ಎಂಬಲ್ಲಿ ನಾಗತಾನಿ ಸೋಎನ್ ಎಂಬ ರೈತ ವರ್ಷಗಟ್ಟಲೆ ಪ್ರಯೋಗ ಮಾಡಿ, 1738ರಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ ಕೈಯಿಂದ ಹೊಸೆದು ಒಣಗಿಸುವ ವಿಧಾನವನ್ನು ರೂಢಿಗೆ ತಂದ. ಇಂದು ಜಪಾನಿನ ಮನೆಮನೆಯಲ್ಲಿ ಕುಡಿಯುವ ಹಸಿರು ಸೆಂಚಾದ ಮೂಲ ಅದು. ಆತ ಈ ವಿದ್ಯೆಯನ್ನು ಬಚ್ಚಿಡದೆ ಕೇಳಿದವರಿಗೆಲ್ಲ ಕಲಿಸಿಕೊಟ್ಟನೆಂದು ಹೇಳುತ್ತಾರೆ. ಹೀಗೆ ಬೀಜವೂ ಬಿಟ್ಟಿ, ವಿದ್ಯೆಯೂ ಬಿಟ್ಟಿ. ನಾವು ಬೆಲೆ ಕೊಡುವುದು ಹಾಗಾದರೆ ಯಾವುದಕ್ಕೆ?

ಬಸ್ಸಿಳಿದು ನಡೆದೆವು. ಗುಡ್ಡದ ಬುಡದಿಂದ ನೆತ್ತಿಯವರೆಗೂ ಹಸಿರು ಸಾಲುಗಳು. ಒಂದೊಂದು ಸಾಲೂ ಉಬ್ಬಿದ ದಿಂಬಿನ ಹಾಗೆ ದುಂಡಗೆ, ನುಣ್ಣಗೆ. ಯಾರೋ ಶಿಲ್ಪಿ ಕುಳಿತು ಕೆತ್ತಿದಂತೆ ಕಂಡಿತು. ಆದರೆ ಅದನ್ನು ಸೊಬಗಿಗೆಂದು ಯಾರೂ ಮಾಡಿದ್ದಲ್ಲ. ಎಲೆ ಕತ್ತರಿಸುವ ಯಂತ್ರದ ಅಲಗು ಬಾಗಿದೆ, ಆದ್ದರಿಂದ ಸಾಲೂ ಬಾಗಿದೆ. ಸಾಲಿನ ಆಚೆ ಒಬ್ಬರು, ಈಚೆ ಒಬ್ಬರು ಯಂತ್ರವನ್ನು ಹಿಡಿದು ಇಳಿಜಾರಿನಲ್ಲಿ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯಬೇಕು. ಕಾಗೊಶಿಮಾದ ಬಯಲಿನಲ್ಲಾದರೆ ಟ್ರ್ಯಾಕ್ಟರಿನಂಥ ಯಂತ್ರದ ಮೇಲೆ ಕುಳಿತೇ ಕೊಯ್ಯುತ್ತಾರೆ. ಈ ಕಡಿದಾದ ಗುಡ್ಡದಲ್ಲಿ ಅದು ಏರುವುದಿಲ್ಲ. ಅಲ್ಲಲ್ಲಿ ಕಂಬದ ಮೇಲೆ ಫ್ಯಾನುಗಳಿದ್ದವು. ಸೆಕೆಗೆ ಅಲ್ಲ, ವಸಂತದ ರಾತ್ರಿ ಮಂಜು ಗಡ್ಡೆಕಟ್ಟಿ ಚಿಗುರು ಸುಟ್ಟುಹೋಗದಂತೆ ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಕ್ಕೆ ನೂಕಲು. ಕೆಲವು ತೋಟಗಳನ್ನು ಕಪ್ಪು ಬಟ್ಟೆಯಿಂದ ಪೂರ್ತಿ ಮುಚ್ಚಿದ್ದರು.

ಈ ನೋಟಕ್ಕೆ ಮರುಳಾಗಿ ನಾವು ಮಾಡಬಾರದ್ದನ್ನು ಮಾಡಿದೆವು. ಫೋಟೋ ತೆಗೆಸಿಕೊಳ್ಳಲು ರಸ್ತೆ ಬಿಟ್ಟು ಎರಡು ಸಾಲುಗಳ ನಡುವೆ ಇಳಿದೆವು. ಮೇಲಿನ ತೋಟದಿಂದ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬೇಗಬೇಗ ಇಳಿದುಬಂದರು. ಬೈಯಲಿಲ್ಲ. ಮೊದಲು ತಲೆಬಾಗಿದರು, ಆಮೇಲೆ ನಮ್ಮ ಬೂಟುಗಳನ್ನು ತೋರಿಸಿ ಮೆಲ್ಲಗೆ ಏನೋ ಹೇಳಿದರು. ಅಳಿಯನ ಮುಖ ಕೆಂಪಾಯಿತು. “ಹೊರಗಿನ ಮಣ್ಣು ಬಂದರೆ ಗಿಡಕ್ಕೆ ರೋಗ ಅಂಟಬಹುದಂತೆ ಮಾಮು. ಇದು ಅವರ ತೋಟ, ಪಾರ್ಕ್ ಅಲ್ಲ. ತಪ್ಪು ನನ್ನದೇ, ನಾನೇ ಹೇಳಬೇಕಿತ್ತು.”

ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮ ಹಿರಿಯರ ಮಾತು. ನಾವೋ, ಉಣ್ಣುವ ಮೊದಲೇ ಎಣಿಸಲು ಹೊರಟವರು. ಕ್ಯೋಟೊದಲ್ಲಿ ಎರಡು ದಿನ ಮುಂಚೆ ನೋಡಿದ್ದ ಚಹಾ ಕೋಣೆಯೊಂದು ಆಗ ನೆನಪಾಯಿತು. ಹದಿನಾರನೆಯ ಶತಮಾನದ ಚಹಾ ಗುರು ಸೆನ್ ನೊ ರಿಕ್ಯು ರೂಢಿಗೆ ತಂದದ್ದೆಂದು ಹೇಳುವ ಅದರ ಬಾಗಿಲು ಎರಡು ಅಡಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಎಂಥ ದೊಡ್ಡ ಮನುಷ್ಯನೂ ಕತ್ತಿಯನ್ನು ಹೊರಗಿಟ್ಟು ಮೊಣಕಾಲೂರಿಯೇ ಒಳಗೆ ಹೋಗಬೇಕು. ಚಹಾ ಕುಡಿಯುವ ಕೋಣೆಗೆ ಅಷ್ಟು ಬಾಗಿ ಹೋಗುವ ಲೋಕ, ಚಹಾ ಬೆಳೆಯುವ ತೋಟಕ್ಕೆ ಬೂಟುಗಾಲಿನಲ್ಲಿ ನುಗ್ಗುತ್ತದೆ.

ನಾವು ತಲೆತಗ್ಗಿಸಿ ಕ್ಷಮೆ ಕೇಳಿದೆವು. ಯಾವ ದೇಶ ಎಂದು ಅವರು ಕೇಳಿದರು. “ಇಂದೊ” ಎಂದ ಅಳಿಯ. ಅಜ್ಜಿಯ ಮುಖ ಅರಳಿತು. “ಡಾರ್ಜಿಲಿಂಗ್!” ಎಂದು ನಕ್ಕು, ತಮ್ಮ ಮನೆಯ ಜಗಲಿಗೆ ಕರೆದರು.

ಜಗಲಿಯಲ್ಲಿ ಕುಳಿತು ಅವರು ಚಹಾ ಮಾಡಿದ್ದನ್ನು ನಾವು ಮರೆಯಲಾರೆವು. ಕುದಿದ ನೀರನ್ನು ನೇರ ಎಲೆಗೆ ಹುಯ್ಯಲಿಲ್ಲ. ಒಂದು ಬಟ್ಟಲಿಗೆ, ಅದರಿಂದ ಇನ್ನೊಂದಕ್ಕೆ, ಹೀಗೆ ಹುಯ್ದು ಹುಯ್ದು ಅದರ ಕಾವನ್ನು ಇಳಿಸಿದರು. ಬಿಸಿ ಹೆಚ್ಚಾದರೆ ಎಲೆ ಒಗರನ್ನು ಬಿಡುತ್ತದಂತೆ. ಆಮೇಲೆ ಮೂರು ಬಟ್ಟಲಿಗೂ ಸ್ವಲ್ಪ ಸ್ವಲ್ಪವೇ ಸುತ್ತು ಹಾಕಿ ಹುಯ್ದು, ಕೊನೆಯ ಹನಿಯವರೆಗೂ ಬಸಿದರು. ಆ ಕೊನೆಯ ಹನಿಯೇ ರುಚಿಯಂತೆ. ಅಳಿಯ ಬಟ್ಟಲೆತ್ತುವ ಮುನ್ನ ನಮ್ಮ ಕಡೆ ತಿರುಗಿ ತಲೆಬಾಗಿ “ಒಸಾಕಿ ನಿ” ಎಂದ. ಅಜ್ಜಿ ಗೊಳ್ಳೆಂದು ನಕ್ಕರು. ಅದು ಚಹಾ ವಿಧಿಯ ಔಪಚಾರಿಕ ಮಾತು, ಜಗಲಿಯಲ್ಲಿ ಕುಳಿತು ಹೇಳುವುದಲ್ಲವಂತೆ. ಆ ಮಾತಿಗೆ ಮತ್ತೆ ಬರುತ್ತೇವೆ.

ಬಿಸ್ಕತ್ತಿನಂಥ ಅಕ್ಕಿಯ ತಿನಿಸನ್ನು ಮುಂದಿಟ್ಟು ಅಜ್ಜಿ ಮಾತಾಡಿದರು. ಗಂಡ ತೀರಿಕೊಂಡು ಆರು ವರ್ಷ. ಮಗ ನಗೋಯಾದಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದಾನೆ. ಕೊಯ್ಲಿಗೆ ಮಾತ್ರ ಬರುತ್ತಾನೆ. ಯಂತ್ರದ ಇನ್ನೊಂದು ತುದಿ ಹಿಡಿಯಲು ಪಕ್ಕದ ತೋಟದ ಮುದುಕ ಬರುತ್ತಾರೆ, ಅವರ ತೋಟಕ್ಕೆ ಇವರು ಹೋಗುತ್ತಾರೆ. ಎದುರು ಗುಡ್ಡದಲ್ಲಿ ಒಂದು ಭಾಗ ಕಾಡಿನಂತೆ ಕೆದರಿಕೊಂಡಿತ್ತು. ಅದೂ ಚಹಾ ತೋಟವೇ ಆಗಿತ್ತಂತೆ. ಕತ್ತರಿಸುವವರು ಇಲ್ಲವಾದ ಮೇಲೆ ಗಿಡ ಮರವಾಗಿ, ಬಳ್ಳಿ ಹಬ್ಬಿ, ಬಿದಿರು ನುಗ್ಗಿದೆ.

“ಈಗ ಒಳ್ಳೆಯ ಬೆಲೆ ಬಂದಿದೆಯಲ್ಲ?” ಎಂದು ಕೇಳಿದೆವು. ಬಂದಿರುವುದು ನಿಜ. ಹಸಿರು ಪುಡಿ ಮಾಚಾಕ್ಕೆ ಲೋಕವೆಲ್ಲ ಮುಗಿಬಿದ್ದಿದೆ. 2024ರ ಶರತ್ಕಾಲದಲ್ಲಿ ಕ್ಯೋಟೊದ ಹಳೆಯ ಹೆಸರಾಂತ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಬೇಕಾಯಿತು. 2025ರ ವಸಂತದಲ್ಲಿ ಮಾಚಾ ಮಾಡುವ ತೆಂಚಾ ಎಲೆಯ ಸರಾಸರಿ ಬೆಲೆ ಕ್ಯೋಟೊ ಹರಾಜಿನಲ್ಲಿ ಹಿಂದಿನ ವರ್ಷದ ಎರಡು ಪಟ್ಟನ್ನೂ ಮೀರಿತು. ಅಜ್ಜಿ ತಮ್ಮ ಎರಡೂ ಅಂಗೈಗಳನ್ನು ನಮ್ಮ ಮುಂದೆ ಹಿಡಿದರು. “ಬೆಲೆ ಬಂತು. ಕೈ ಬರಲಿಲ್ಲ.”

ಕಪ್ಪು ಬಟ್ಟೆಯ ಗುಟ್ಟನ್ನೂ ಅವರೇ ಹೇಳಿದರು. ಕೊಯ್ಲಿಗೆ ಇಪ್ಪತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮೊದಲೇ ಗಿಡಕ್ಕೆ ಬಿಸಿಲು ಬೀಳದಂತೆ ಮುಚ್ಚುತ್ತಾರೆ. ಬೇರಿನಲ್ಲಿ ಹುಟ್ಟಿ ಎಲೆಗೆ ಏರುವ ಥಿಯಾನಿನ್ ಎಂಬ ಅಂಶದಿಂದ ಚಹಾಕ್ಕೆ ಸಿಹಿಯಾದ ರುಚಿ ಬರುತ್ತದೆ. ಬಿಸಿಲು ತಾಗಿದರೆ ಅದು ಒಗರಾಗಿ ಮಾರ್ಪಡುತ್ತದೆ. ಕತ್ತಲಲ್ಲಿಟ್ಟರೆ ಸಿಹಿ ಉಳಿಯುತ್ತದೆ, ಬೆಳಕಿಗಾಗಿ ಹಂಬಲಿಸಿದ ಎಲೆ ಇನ್ನಷ್ಟು ಹಸಿರಾಗುತ್ತದೆ. ಆದರೆ ಗಿಡ ಬಳಲುತ್ತದೆ. ಅದಕ್ಕೆ ಗೊಬ್ಬರ ಬೇಕು, ಆರೈಕೆ ಬೇಕು, ದಣಿವಾರಿಸಿಕೊಳ್ಳಲು ಬಿಡುವು ಬೇಕು. ಹೀಗೆ ಬಂದ ಎಲೆಯನ್ನು ಒಣಗಿಸಿ, ನಾರು ತೆಗೆದು, ಬೀಸುವ ಕಲ್ಲಿಗೆ ಹಾಕಿದರೆ ಒಂದು ಗಂಟೆಗೆ ಬರುವ ಪುಡಿ ಸುಮಾರು 40 ಗ್ರಾಂ. ಒಂದು ಬಟ್ಟಲಿಗೆ 2 ಗ್ರಾಂ. ಕಲ್ಲು ಒಂದು ಗಂಟೆ ತಿರುಗಿದರೆ ಇಪ್ಪತ್ತು ಬಟ್ಟಲು. ನಮ್ಮ ನಾಲಿಗೆಯ ಮೇಲಿನ ಸಿಹಿ ಒಂದು ಗಿಡದ ಹಸಿವು ಮತ್ತು ಒಬ್ಬ ಮುದುಕಿಯ ಬೆನ್ನುನೋವು ಎಂದು ತಿಳಿದ ಮೇಲೆ ಆ ಬಟ್ಟಲನ್ನು ಸುಮ್ಮನೆ ಕೆಳಗಿಡಲಾಗಲಿಲ್ಲ.

ಹೊರಡುವಾಗ ಸಾವಿರ ಯೆನ್ನಿನ ಒಂದು ನೋಟನ್ನು ಬಟ್ಟಲಿನ ಕೆಳಗಿಟ್ಟೆವು. ಅಜ್ಜಿ ಅದನ್ನು ಮಡಿಸಿ ಮರಳಿ ನಮ್ಮ ಕೈಗಿಟ್ಟರು. “ಇದು ಮಾರುವ ಚಹಾ ಅಲ್ಲ, ಕುಡಿಯುವ ಚಹಾ. ಕೊಳ್ಳುವುದಿದ್ದರೆ ಕೆಳಗೆ ಅಂಗಡಿ ಇದೆ.” ನಮ್ಮ ಮುಖ ಸಣ್ಣದಾಯಿತು. ನಿಜ ಹೇಳಬೇಕೆಂದರೆ ನಾವು ಆ ನೋಟು ಇಟ್ಟದ್ದು ಅವರಿಗೆ ಅನುಕೂಲವಾಗಲಿ ಎಂದಲ್ಲ. ತೋಟ ತುಳಿದ ನಾಚಿಕೆಯಿಂದಲೂ ಅವರ ಉಪಚಾರದ ಭಾರದಿಂದಲೂ ಬೇಗ ಬಿಡಿಸಿಕೊಳ್ಳಲು. ಹಣದಿಂದ ಹಂಗು ಕಳೆಯಬಹುದು ಎಂಬ ನಮ್ಮ ಹಳೆಯ ನಂಬಿಕೆ ಅಲ್ಲಿ ಕೆಲಸ ಮಾಡಿತ್ತು.

ಮರಳುವ ಬಸ್ಸಿನಲ್ಲಿ ಈ ಮಾತನ್ನೇ ಎತ್ತಿದೆವು. ಎಲ್ಲದಕ್ಕೂ ಬೆಲೆ ಕಟ್ಟಿ ಮನುಷ್ಯ ಸಂಬಂಧವನ್ನೇ ನಾವು ಕಳೆದುಕೊಂಡೆವಲ್ಲ ಎಂದು ಭಾವುಕರಾದೆವು. ಅಳಿಯ ಒಪ್ಪಲಿಲ್ಲ.

“ಮಾಮು, ಬೇಜಾರು ಮಾಡಿಕೊಳ್ಳಬೇಡಿ. ಆ ಅಜ್ಜಿಗೆ ಬೇಕಾಗಿದ್ದು ನಿಮ್ಮ ಕಣ್ಣೀರಲ್ಲ. ಇಪ್ಪತ್ತು ವರ್ಷದ ಹಿಂದೆ ಸರಿಯಾದ ಬೆಲೆ ಬೇಕಿತ್ತು. ಆಗ ಸಿಕ್ಕಿದ್ದರೆ ಮಗ ಊರಲ್ಲೇ ಇರುತ್ತಿದ್ದನೋ ಏನೋ. ಆಗೆಲ್ಲ ಜನ ಎಲೆ ಕೊಳ್ಳುವುದು ಬಿಟ್ಟು ಬಾಟಲಿ ಚಹಾ ಕುಡಿದರು, ಎಲೆಯ ಬೆಲೆ ಬಿತ್ತು. ಚಹಾ ಸಂಸ್ಕೃತಿ ಎಷ್ಟು ಚೆಂದ ಅಂತ ಹೊಗಳುವವರಿಗೆ ಮಾತ್ರ ಆಗಲೂ ಬರ ಇರಲಿಲ್ಲ.”

ಅವನ ಮಾತು ಸರಿಯಾಗಿ ನಾಟಿತು. ಜಪಾನಿನಲ್ಲಿ 2000ದಲ್ಲಿ 53 ಸಾವಿರಕ್ಕೂ ಹೆಚ್ಚು ಚಹಾ ಬೆಳೆಗಾರರಿದ್ದರು. 2020ರ ಹೊತ್ತಿಗೆ ಉಳಿದವರು 12 ಸಾವಿರದ ಆಸುಪಾಸು. ಇದೇ ಅವಧಿಯಲ್ಲಿ, 2015ರಲ್ಲಿ, ಕ್ಯೋಟೊದ ದಕ್ಷಿಣ ಭಾಗದ ಈ ಚಹಾ ಸೀಮೆಗೆ ಎಂಟುನೂರು ವರ್ಷಗಳ ಚರಿತ್ರೆಗಾಗಿ ‘ಜಪಾನಿನ ಪರಂಪರೆ’ ಎಂಬ ಸರ್ಕಾರಿ ಮನ್ನಣೆಯೂ ಸಿಕ್ಕಿತು. ಹೊಗಳಿಕೆ ಏರುತ್ತಿರುವಾಗಲೇ ಬೆಳೆಯುವವರು ಇಳಿಯುತ್ತಿದ್ದರು. ಈಗ ಬೆಲೆ ಏರಿದೆ. ಆದರೆ ಹೊಸದಾಗಿ ನೆಟ್ಟ ಗಿಡ ಸರಿಯಾಗಿ ಕೊಯ್ಲಿಗೆ ಬರಲು ನಾಲ್ಕೈದು ವರ್ಷ ಬೇಕು. ಇಳಿಜಾರಿನಲ್ಲಿ ಯಂತ್ರ ಹಿಡಿದು ನಡೆಯುವ ಅಭ್ಯಾಸಕ್ಕೆ ಇನ್ನೂ ಹೆಚ್ಚು. ಹಣ ಇಂದು ಬಂದರೂ ನಿನ್ನೆಯ ಕೈಗಳನ್ನು ಅದು ಮರಳಿ ತರಲಾರದು.

ಈ ಮಾತು ನಮ್ಮ ಮನೆಯನ್ನೂ ನೆನಪಿಸಿತು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸನ್ನು ನಾವು ‘ಮನೆಯವಳ ಹಾಗೆ’ ಎಂದು ನಾಲ್ಕು ಜನರ ಮುಂದೆ ಹೇಳುತ್ತೇವೆ. ಹಬ್ಬಕ್ಕೆ ಸೀರೆ ಕೊಡುತ್ತೇವೆ. ಆದರೆ ಅವಳ ಸಂಬಳವನ್ನು ಕೊನೆಯ ಬಾರಿ ಹೆಚ್ಚಿಸಿದ್ದು ಯಾವಾಗ ಎಂದು ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮನೆಯವಳು ಎಂಬ ಮಾತು ಅವಳ ಹೊಟ್ಟೆಗೆ ಅಲ್ಲ, ನಮ್ಮ ಸಮಾಧಾನಕ್ಕೆ ಸಲ್ಲುತ್ತಿತ್ತು. ಕೃತಜ್ಞತೆ ಕೂಡ ಒಮ್ಮೊಮ್ಮೆ ಬೆಲೆ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ.

ಹಾಗಾದರೆ ಅಳಿಯ ಹೇಳಿದ್ದೇ ಪೂರ್ತಿ ಸತ್ಯವೇ? ಸರಿಯಾದ ಬೆಲೆ ಕೊಟ್ಟುಬಿಟ್ಟರೆ ಮುಗಿಯಿತೇ? ಇಲ್ಲಿ ಎರಡು ಸಂಗತಿಗಳನ್ನು ನಾವು ಕಲಸಿಬಿಡುತ್ತೇವೆ. ಬೆಲೆ ವಸ್ತುವಿಗೆ ಸಲ್ಲುವುದು, ಅದನ್ನು ಕೊಡುವುದು ನ್ಯಾಯ. ಅದರಲ್ಲಿ ಕಡಿಮೆ ಮಾಡಿ ಮಿಕ್ಕಿದ್ದನ್ನು ಒಳ್ಳೆಯ ಮಾತಿನಿಂದ ತುಂಬಿಸಲು ಬರುವುದಿಲ್ಲ. ಋಣ ಮನುಷ್ಯನಿಗೆ ಸಲ್ಲುವುದು. ಆ ಅಜ್ಜಿ ಐವತ್ತು ವರ್ಷ ಆ ಇಳಿಜಾರನ್ನು ಬಿಟ್ಟುಹೋಗದೆ ಇದ್ದದ್ದಕ್ಕೆ ಯಾವ ಹರಾಜಿನಲ್ಲಿ ಬೆಲೆ ಕೂಗುತ್ತಾರೆ? ಬೆಲೆ ಕೊಡದೆ ಋಣದ ಮಾತಾಡುವುದು ಕಪಟ. ಬೆಲೆ ಕೊಟ್ಟೆನೆಂದು ಋಣವೇ ಇಲ್ಲ ಎನ್ನುವುದು ಮರೆವು. ಒಸಾಕಾದ ಆ ಊಟದಂಗಡಿಯಲ್ಲಿ ಗಿರಾಕಿಗಳು ಎರಡನ್ನೂ ಕೊಟ್ಟು ಹೋಗುತ್ತಿದ್ದರು. ಮೊದಲು ಹಣ, ಆಮೇಲೆ ಮಾತು. ಆ ಅನುಕ್ರಮದಲ್ಲೇ ಒಂದು ವಿವೇಕವಿದೆ ಎಂದು ನಮಗೆ ಈಗ ಅನ್ನಿಸುತ್ತದೆ.

ಋಣವೆಂದರೆ ಒಡೆಯನ ಹಂಗೇ ಅಲ್ಲವೇ, ಅದರಿಂದ ಬಿಡಿಸಿಕೊಂಡದ್ದೇ ಒಳ್ಳೆಯದಲ್ಲವೇ ಎಂದು ಓದುಗರು ಕೇಳಬಹುದು. ನಾವೂ ಆ ಮಾತಿನಿಂದಲೇ ಶುರುಮಾಡಿದೆವು. ಆದರೆ ಹಂಗು ಮೇಲಿನವನು ಕೆಳಗಿನವನ ಮೇಲೆ ಹೇರುವುದು. ಎಂಟುನೂರು ವರ್ಷ ಕೈಯಿಂದ ಕೈಗೆ ಬಂದ ಬೀಜದ ಋಣವನ್ನು ಯಾರೂ ಹೇರಿಲ್ಲ. ಅದನ್ನು ತೀರಿಸೋಣವೆಂದರೆ ಕೊಟ್ಟವರು ಉಳಿದಿಲ್ಲ. ಇಂಥ ಋಣವನ್ನು ಹಿಂದಕ್ಕೆ ತೀರಿಸಲು ಆಗುವುದಿಲ್ಲ, ಮುಂದಕ್ಕೆ ದಾಟಿಸಬಹುದು ಅಷ್ಟೆ.

ಅಳಿಯ ಜಗಲಿಯಲ್ಲಿ ಹೇಳಿದ ‘ಒಸಾಕಿ ನಿ’ ಎಂಬ ಮಾತಿನ ಅರ್ಥವೂ ಇದೇ ದಿಕ್ಕಿನದು. ಚಹಾ ವಿಧಿಯಲ್ಲಿ ಬಟ್ಟಲು ಮೊದಲು ಯಾರ ಕೈಗೆ ಬಂತೋ ಅವರು ಕುಡಿಯುವ ಮುನ್ನ, ಪಕ್ಕದಲ್ಲಿ ಇನ್ನೂ ಕುಡಿಯದೆ ಕುಳಿತವರತ್ತ ತಿರುಗಿ, ‘ನಿಮಗಿಂತ ಮೊದಲು ಕುಡಿಯುತ್ತಿದ್ದೇನೆ, ಮನ್ನಿಸಿ’ ಎಂದು ತಲೆಬಾಗುತ್ತಾರೆ. ನಮಗಿಂತ ಮುಂಚೆ ಓಡಾಡಿದವರಿಗೆ ಒಂದು ಮಾತು, ನಮ್ಮ ನಂತರ ಕುಡಿಯಬೇಕಾದವರಿಗೆ ಒಂದು ಮಾತು. ಲೋಕದ ಬಟ್ಟಲು ಈಗ ನಮ್ಮ ಕೈಯಲ್ಲಿದೆ. ಪಕ್ಕದಲ್ಲಿ ಕಾದು ಕುಳಿತವರು ಇದ್ದಾರೆ ಎಂಬ ಎಚ್ಚರ ಇದ್ದರೆ ನಾವು ಅದನ್ನು ತಳದವರೆಗೂ ಬರಿದುಮಾಡಲಾರೆವು, ಯಾರದೋ ತೋಟದ ಸಾಲಿನೊಳಗೆ ಬೂಟುಗಾಲು ಇಡಲಾರೆವು.

ಕೆಳಗಿನ ಅಂಗಡಿಯಲ್ಲಿ ಕೇಳಿದಷ್ಟು ಬೆಲೆ ಕೊಟ್ಟು ಕೊಂಡ ಸೆಂಚಾದ ಡಬ್ಬಿಯೊಂದು ನಮ್ಮ ಜೊತೆ ಊರಿಗೆ ಬಂತು. ನೀರನ್ನು ಬಟ್ಟಲಿನಿಂದ ಬಟ್ಟಲಿಗೆ ಆರಿಸಿ, ಅಜ್ಜಿ ತೋರಿಸಿದ ಹಾಗೆಯೇ ಮಾಡಿ ಮನೆಗೆ ಬಂದ ಗೆಳೆಯರಿಗೆ ಕೊಟ್ಟೆವು. “ಹಾಲಿಲ್ಲ, ಸಕ್ಕರೆ ಇಲ್ಲ, ಸೊಪ್ಪು ಬೇಯಿಸಿದ ನೀರಿನ ಹಾಗಿದೆಯಲ್ಲ ಸಾಹೇಬರೇ!” ಎಂದು ನಕ್ಕರು. ನಾವೂ ನಕ್ಕೆವು. ಆಮೇಲೆ ಪಾತ್ರೆ ತೊಳೆಯಲು ಬಂದ ನಮ್ಮ ಮನೆಯ ಹೆಂಗಸನ್ನು ಕೂರಿಸಿ ಒಂದು ಬಟ್ಟಲು ಕೊಟ್ಟೆವು. ಅದಕ್ಕೆ ಮುಂಚೆ ಹೊಸ ಸಂಬಳದ ಲೆಕ್ಕ ಹೇಳಿದ್ದೆವು. ಆ ಅನುಕ್ರಮವನ್ನು ಈ ಬಾರಿ ತಪ್ಪಿಸಲಿಲ್ಲ. ಅವಳು ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ಬಟ್ಟಲನ್ನು ತಿರುಗಿಸಿ ನೋಡಿದಳು.

“ಇದನ್ನ ಯಾರು ಬೆಳೆದದ್ದು?” ಎಂದು ಕೇಳಿದಳು.

ನಮ್ಮ ಗೆಳೆಯರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಇಷ್ಟು ವರ್ಷ ಚಹಾ ಕುಡಿದ ನಾವೂ ಕೇಳಿರಲಿಲ್ಲ.